ಕಟ್ಟೆ ಮೇಲೊಂದು ಮೊಬೈಲ್ ಸಭೆ

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟು ನೀರಿನ ಜತೆ ಕೊಚ್ಚಿಹೋಯಿತು. ಬೆಳಕು ಹರಿಯುವುದರೊಳಗೆ ಸುದ್ದಿ ಸಿರುಗುಪ್ಪ, ಕುರುಗೋಡು, ಕಂಪ್ಲಿ ಕಡೆಯ ಹಳ್ಳಿಗಳಿಗೆಲ್ಲ ಮುಟ್ಟಿತ್ತು. ಯಾರೂ ಡಂಗುರ ಸಾರಲಿಲ್ಲ. ಸುದ್ದಿ ಬಂದದ್ದು ಮೊಬೈಲಿನಲ್ಲಿ.

ಆದರೆ ಬಂದದ್ದು ಒಂದೇ ಸುದ್ದಿಯಲ್ಲ, ಹತ್ತು ಸುದ್ದಿ. 'ಡ್ಯಾಮು ಒಡೆದೈತಿ' ಅಂತ ಒಂದು. 'ಇನ್ನೆರಡು ಗೇಟು ಹೋಗ್ಯಾವಂತ' ಅಂತ ಇನ್ನೊಂದು. 'ಈ ಸಲ ಕಾಲುವಿಗೆ ನೀರು ಬಿಡೋದಿಲ್ಲ, ನಾಟಿ ನಿಲ್ಲಿಸ್ರಿ' ಅಂತ ಮತ್ತೊಂದು. ಯಾವುದೋ ದೇಶದ, ಯಾವುದೋ ವರ್ಷದ ಪ್ರವಾಹದ ವಿಡಿಯೋಕ್ಕೆ ನಮ್ಮ ಡ್ಯಾಮಿನ ಹೆಸರು ಹಚ್ಚಿ ಬಿಟ್ಟವರೂ ಇದ್ದರು.

ಆಗ ನಮ್ಮಲ್ಲಿ ಭತ್ತದ ನಾಟಿಯ ಕಾಲ. ಕೆಲವರದು ಮುಗಿದಿತ್ತು, ಕೆಲವರದು ಅರ್ಧ ಆಗಿತ್ತು, ಕೆಲವರ ಸಸಿ ಇನ್ನೂ ಮಡಿಯಲ್ಲೇ ಇತ್ತು. ಗೊಬ್ಬರ ತರುವುದೋ ಬೇಡವೋ, ಆಳಿಗೆ ಹೇಳುವುದೋ ಬೇಡವೋ ಯಾರಿಗೂ ತಿಳಿಯದು. ನಮ್ಮ ಓಣಿಯ ಇಬ್ಬರು ನಾಟಿ ನಿಲ್ಲಿಸಿಯೇಬಿಟ್ಟರು. ಆಗಸ್ಟ್ 16 ಮತ್ತು 17ರಂದು ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಹಲಗೆ ಇಳಿಸಿ, ಹೋಗುತ್ತಿದ್ದ ನೀರನ್ನು ನಿಲ್ಲಿಸಿದರು. ಮುಂದೆ ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಅಷ್ಟರಲ್ಲಿ ಈ ಇಬ್ಬರ ಸಸಿಗೆ ವಯಸ್ಸಾಗಿತ್ತು. ಬಲಿತ ಸಸಿ ನೆಟ್ಟರೆ ತೆಂಡೆ ಕಡಿಮೆ. ಅದು ನಮಗೆಲ್ಲ ಗೊತ್ತಿರುವ ಮಾತೇ.

ಆ ವಾರ ಸಂಜೆ ಗುಡಿ ಕಟ್ಟೆ ಮೇಲೆ ಕೂತಾಗ ನಮ್ಮ ತಾತ ಒಬ್ಬರು ಒಂದು ಮಾತು ಹೇಳಿದರು. "ಏನಪಾ, ಎಲ್ಲರ ಕೈಯಾಗೂ ಫೋನು ಐತಿ. ಖರೇ ಯಾವುದು, ಸುಳ್ಳು ಯಾವುದು ಅಂತ ಒಬ್ಬರಿಗೂ ಗೊತ್ತಿಲ್ಲ. ಹಂಗಾದ್ರ ಇದರಾಗ ಏನು ಉಪಯೋಗ?"

ಸಭೆಯ ಬೀಜ ಬಿದ್ದದ್ದು ಆ ಮಾತಿನಿಂದ.

ಎಲ್ಲಿ, ಯಾವಾಗ, ಯಾರು?

ಸಭೆಯನ್ನು ಬಳ್ಳಾರಿಯಲ್ಲಿ ಯಾವುದಾದರೂ ಹಾಲ್ ಹಿಡಿದು ಮಾಡೋಣ, ದೊಡ್ಡವರನ್ನು ಕರೆಯೋಣ ಎಂಬುದು ಮೊದಲ ಯೋಚನೆ. ಲೆಕ್ಕ ಹಾಕಿದೆವು. ಬಸ್ ಚಾರ್ಜು, ಒಂದು ದಿನದ ಕೂಲಿ, ಮಧ್ಯಾಹ್ನದ ಊಟ. ಎರಡು ಎಕರೆಯ ರೈತ ಇಷ್ಟು ಕಳೆದುಕೊಂಡು ಭಾಷಣ ಕೇಳಲು ಬಂದಾನೆಯೇ? ಬರುವುದಿಲ್ಲ. ಬಂದರೆ ಲೀಡರುಗಳು ಬರುತ್ತಾರೆ, ಫೋಟೋ ಹೊಡೆಸಿಕೊಂಡು ಹೋಗುತ್ತಾರೆ. ಹಾಗಾಗಿ ಹಾಲ್ ಬಿಟ್ಟೆವು, ಕಟ್ಟೆಯೇ ಸಾಕು ಅಂದೆವು.

ದಿನ ಅಮಾವಾಸ್ಯೆ ಇಟ್ಟುಕೊಂಡೆವು. ಅಂದು ಬೇಸಾಯ ಹೂಡುವುದಿಲ್ಲ, ಜನ ಊರಲ್ಲೇ ಇರುತ್ತಾರೆ. ಸಮಯ ಸಂಜೆ ನಾಲ್ಕರಿಂದ ಏಳು. ಹಾಲು ಕರೆಯುವ ಹೊತ್ತಿಗೆ ಹೆಣ್ಣುಮಕ್ಕಳು ಎದ್ದು ಹೋಗಬೇಕಾಗುತ್ತದೆ ಅಂತ ಅವರಿಗೆ ಬೇಕಾದ ವಿಷಯಗಳನ್ನು ಮೊದಲು ಇಟ್ಟೆವು.

ಕಲಿಸುವವರು ಯಾರು? ನಮ್ಮೂರಿನ ಹುಡುಗನೊಬ್ಬ ಬಳ್ಳಾರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ಸಿರುಗುಪ್ಪದಲ್ಲಿ ಡಿಗ್ರಿ ಓದುವ ಹುಡುಗಿ ಒಬ್ಬಳಿದ್ದಾಳೆ. ಕುರುಗೋಡು ಕಡೆಯ ರೈತರೊಬ್ಬರು ಫೋನಿನಿಂದಲೇ ಪಂಪ್ ಚಾಲೂ ಮಾಡುತ್ತಾರೆ ಎಂದು ಕೇಳಿದ್ದೆವು, ಅವರನ್ನು ಕರೆದೆವು. ಪಕ್ಕದ ಕ್ಯಾಂಪಿನವರೂ ಬಂದರು. ಅವರ ಮನೆಮಾತು ತೆಲುಗು, ಆದರೆ ಕಾಲುವೆ ಒಂದೇ. ಕನ್ನಡ ತೆಲುಗು ಎರಡರಲ್ಲೂ ಮಾತು ನಡೆಯಿತು.

ನಾವು ಮಾಡಿಕೊಂಡ ನಿಯಮ ಒಂದೇ: ಮೊದಲು ತೊಂದರೆ, ಆಮೇಲೆ ಯಂತ್ರ. 'ಈ ಆ್ಯಪ್ ನೋಡಿ, ಆ ಆ್ಯಪ್ ನೋಡಿ' ಅಂತ ಶುರು ಮಾಡಿದರೆ ಸಭೆ ಸಂತೆಯಾಗುತ್ತದೆ. ಶಾಲೆಯಿಂದ ಕರಿಹಲಗೆ ತಂದು, ಪ್ರತಿಯೊಬ್ಬರೂ ಈ ವರ್ಷ ತಮಗೆ ಆದ ಒಂದು ನಷ್ಟ ಹೇಳಬೇಕು ಅಂದೆವು. ಅರ್ಧ ಗಂಟೆಯಲ್ಲಿ ಹಲಗೆ ತುಂಬಿತು. ಒಟ್ಟುಗೂಡಿಸಿದರೆ ಆರು ವಿಷಯ: ನೀರು, ದರ, ಕೀಟ, ವಿಮೆ, ಕರೆಂಟು, ಮೋಸ.

ನೀರು: ಕಂಡದ್ದು ಬರೆಯಿರಿ, ಕೇಳಿದ್ದು ಬೇಡ

ನಮ್ಮದು ಕಾಲುವೆಯ ಕೊನೆಭಾಗ. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರಿಗೆ ಬರುವುದು ಬರೀ ತೇವ. ನೀರು ಬಂತಂತೆ ಅಂತ ಯಾರೋ ಹೇಳಿದ್ದಕ್ಕೆ ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾಲುವೆ ಮೇಲೆ ಕೂತು, ಬೆಳಿಗ್ಗೆ ಬರಿಗೈಯಲ್ಲಿ ಬಂದ ದಿನಗಳು ಲೆಕ್ಕಕ್ಕಿಲ್ಲ.

ಇದಕ್ಕೆ ಯಾವ ಆ್ಯಪೂ ಬೇಕಾಗಲಿಲ್ಲ. ಉಪಕಾಲುವೆಯ ತಲೆಯಲ್ಲಿ ಇಬ್ಬರು, ನಡುವೆ ಇಬ್ಬರು, ಕೊನೆಯಲ್ಲಿ ಇಬ್ಬರು ಅಂತ ಆರು ಜನರನ್ನು ಆರಿಸಿದೆವು. ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಆರಕ್ಕೆ ಅವರು ಒಂದೇ ಸಾಲು ಕಳಿಸಬೇಕು: ಜಾಗ, ಹೊತ್ತು, ಗೇಜು ಕಂಬದಲ್ಲಿ ನೀರು ಎಷ್ಟು. ಕಂಬ ಇಲ್ಲದ ಕಡೆ ಸೇತುವೆಯ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆದೆವು. ವಾಟ್ಸಾಪ್ ಇಲ್ಲದವರಿಗೆ ಪಕ್ಕದ ಹೊಲದವರು ಫೋನ್ ಮಾಡಿ ಹೇಳಬೇಕು. 'ಅಂತೆ' ಎಂದು ಮುಗಿಯುವ ಸುದ್ದಿ ಕಳಿಸಿದರೆ ಅದಕ್ಕೆ ಬೆಲೆ ಇಲ್ಲ.

ಇದರಿಂದ ನೀರು ಜಾಸ್ತಿ ಬಂತೇ? ಇಲ್ಲ. ಆದರೆ ತಲೆಯಲ್ಲಿ ಎಷ್ಟಿತ್ತು, ಕೊನೆಗೆ ಎಷ್ಟು ಬಂತು ಅಂತ ದಿನ ದಿನದ ಲೆಕ್ಕ ಕೈಗೆ ಬಂತು. ಮೊದಲು ನಾವು ಕಚೇರಿಗೆ ಹೋಗಿ 'ನೀರು ಬಂದಿಲ್ಲ ಸಾಹೇಬ್ರೆ' ಅಂತ ಕೂಗುತ್ತಿದ್ದೆವು. ಅವರು 'ಬಿಟ್ಟೀವಲ್ಲ' ಅನ್ನುತ್ತಿದ್ದರು. ಈಗ ಹದಿನೈದು ದಿನದ ಗೇಜು ಬರೆದ ಹಾಳೆ ಇಟ್ಟು ಮಾತಾಡುತ್ತೇವೆ. ಕೂಗುವುದು ಕಡಿಮೆಯಾಗಿದೆ, ಕೇಳುವುದು ಜಾಸ್ತಿಯಾಗಿದೆ. ತಲೆಭಾಗದವರಿಗೂ ನಾಚಿಕೆ ಅಂತ ಒಂದು ಬಂದಿದೆ. ತಮ್ಮ ತೂಬಿನ ಲೆಕ್ಕ ಕೆಳಗಿನವರಿಗೆ ಕಾಣುತ್ತದಲ್ಲ!

ಡ್ಯಾಮಿನ ನೀರು ಯಾವ ಕಾಲುವೆಗೆ ಯಾವ ತಾರೀಖಿನವರೆಗೆ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ಅಂದರೆ ಐಸಿಸಿ. ಅದರ ಸಭೆಯ ಮುಂಚೆಯೂ ಆಮೇಲೂ ಗಾಳಿಸುದ್ದಿಯ ಸುಗ್ಗಿ. ಹಾಗಾಗಿ ಪ್ರಕಟಣೆಯ ಪತ್ರ ಅಥವಾ ಪತ್ರಿಕೆಯ ಸುದ್ದಿಯ ಚಿತ್ರ ಇಲ್ಲದೆ ಯಾರೂ ತಾರೀಖು ಹಾಕಬಾರದು ಅಂತ ಮಾಡಿಕೊಂಡೆವು. 2025ರ ಕೊನೆಯಲ್ಲಿ, ಗೇಟುಗಳನ್ನು ಬದಲಿಸಬೇಕಾದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂದಾಗ ಈ ಕಟ್ಟುಪಾಡು ಉಪಯೋಗಕ್ಕೆ ಬಂತು. ಸುದ್ದಿ ಕಹಿಯೇ. ಆದರೆ ಖರೇ ಸುದ್ದಿ ಹೊತ್ತಿಗೆ ಸಿಕ್ಕಿದ್ದರಿಂದ ಭತ್ತದ ಬೀಜ ತಂದಿಟ್ಟು ಕಾಯ್ದವರು ನಮ್ಮಲ್ಲಿ ಇರಲಿಲ್ಲ.

ಕಾಸರಗೋಡಿನ ಮೀನು, ಬ್ಯಾಡಗಿಯ ಮೆಣಸಿನಕಾಯಿ

ದರದ ಮಾತು ಬಂದಾಗ ಡಿಗ್ರಿ ಹುಡುಗಿ ಒಂದು ಕತೆ ಹೇಳಿದಳು. ಕತೆಯಲ್ಲ, ನಡೆದದ್ದು. ಉತ್ತರ ಕೇರಳದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಕರಾವಳಿಗೆ 1997ರಿಂದ 2001ರ ನಡುವೆ ಮೊಬೈಲ್ ಬಂತು. ಅದಕ್ಕೂ ಮೊದಲು ಬೂತಾಯಿ ಹಿಡಿದವರು ತಮ್ಮ ಊರಿನ ದಡಕ್ಕೇ ಬಂದು ಮಾರಬೇಕು. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಸಮುದ್ರಕ್ಕೇ ಚೆಲ್ಲುತ್ತಿದ್ದರು. ಹತ್ತು ಹದಿನೈದು ಕಿಲೋಮೀಟರು ಆಚೆ ಮೀನಿಲ್ಲದೆ ಗಿರಾಕಿಗಳು ವಾಪಸು ಹೋಗುತ್ತಿದ್ದರು. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ನಾಲ್ಕು ದಡಕ್ಕೆ ಫೋನ್ ಮಾಡಿ ಗಿರಾಕಿ ಇದ್ದ ಕಡೆ ಹೋಗತೊಡಗಿದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದ. ಮೀನು ಚೆಲ್ಲುವುದು ಹೆಚ್ಚು ಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8 ಏರಿತು. ಕೊಳ್ಳುವವರಿಗೆ ದರ ಶೇಕಡಾ 4 ಇಳಿಯಿತು. ಮಾರುವವನಿಗೂ ಲಾಭ, ತಿನ್ನುವವನಿಗೂ ಲಾಭ.

"ಹಂಗಾದ್ರ ನಮ್ಮ ಮೆಣಸಿನಕಾಯಿಗೂ ಹಂಗ ಮಾಡಬಹುದಲ್ಲ?" ಎಂದರು ಒಬ್ಬರು.

ಅಲ್ಲಿ ಚರ್ಚೆ ಬಿಸಿಯಾಯಿತು. ನಾವು ಒಣಮೆಣಸಿನಕಾಯಿ ತುಂಬಿಕೊಂಡು ಬ್ಯಾಡಗಿಗೆ ಹೋಗುತ್ತೇವೆ. ಸಿರುಗುಪ್ಪದಿಂದ ಇನ್ನೂರು ಕಿಲೋಮೀಟರಿಗೂ ಮೇಲೆ. ಅಲ್ಲಿ ಹೋಗಿ ಚೀಲ ಇಳಿಸಿದ ಮೇಲೆ ದರ ಬಿದ್ದರೆ ವಾಪಸು ತರಲಾದೀತೇ? ದೋಣಿಯನ್ನು ಇನ್ನೊಂದು ದಡಕ್ಕೆ ತಿರುಗಿಸಿದಂತೆ ಲಾರಿಯನ್ನು ತಿರುಗಿಸಲು ಆಗದು. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಸಿಟ್ಟು ಕಟ್ಟೆಯೊಡೆದು ಕಚೇರಿಗೆ, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಬೆಂಕಿ ಹಚ್ಚಿದ್ದು ಸರಿಯಲ್ಲ. ವರ್ಷದ ದುಡಿಮೆಗೆ ಬೆಲೆ ಇಲ್ಲವೆಂದು ಅಲ್ಲಿ ಹೋಗಿ ಗೊತ್ತಾಗುವುದೂ ಸರಿಯಲ್ಲ.

ಕೊನೆಗೆ ತೀರ್ಮಾನಕ್ಕೆ ಬಂದದ್ದು ಇಷ್ಟು. ದರ ತಿಳಿದ ಮಾತ್ರಕ್ಕೆ ದರ ಏರುವುದಿಲ್ಲ. ಆದರೆ ಲಾರಿಗೆ ತುಂಬುವುದೋ, ಶೀತಲಗೃಹಕ್ಕೆ ಹಾಕುವುದೋ, ನಾಲ್ಕು ದಿನ ಕಾಯುವುದೋ ಎಂಬುದನ್ನು ಮನೆಯಲ್ಲೇ ಕೂತು ನಿರ್ಧರಿಸಬಹುದು. ರಾಜ್ಯದ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ ದರ ಸಿಗುತ್ತದೆ. ನೋಡುವಾಗ ಗರಿಷ್ಠವನ್ನು ನೋಡಿ ಹಿಗ್ಗಬೇಡಿ. ಅದು ಒಂದೆರಡು ಲಾಟಿಗೆ ಸಿಕ್ಕಿರುತ್ತದೆ. ಹೆಚ್ಚು ಚೀಲ ಮಾರಿದ ದರ ಯಾವುದು, ಆವಕ ಎಷ್ಟು, ಹಿಂದಿನ ಸಂತೆಗಿಂತ ಏರಿದೆಯೋ ಇಳಿದಿದೆಯೋ ಇವು ಮೂರನ್ನು ನೋಡಿ. ಹೋಗಿ ಮಾರಿ ಬಂದವನ ಪಟ್ಟಿಯ ಫೋಟೋ ಅದಕ್ಕಿಂತಲೂ ಒಳ್ಳೆಯ ಸುದ್ದಿ. ತೂಕ, ದರ, ಕಡಿತ ಎಲ್ಲ ಅದರಲ್ಲಿರುತ್ತದೆ.

ಕೀಟ: ಹೂವು ಬಿಡಿಸಿ ನೋಡಿ

2021ರಲ್ಲಿ ಮೆಣಸಿನಕಾಯಿಗೆ ಬಂದ ಕಪ್ಪು ನುಸಿಯನ್ನು ನಮ್ಮ ಭಾಗದಲ್ಲಿ ಯಾರು ಮರೆತಾರು? ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನಿಂದ ಬಂದ ನುಸಿ. ನಾವು ಹಳೆಯ ನುಸಿ ಅಂದುಕೊಂಡು ಎಲೆ ನೋಡುತ್ತಿದ್ದೆವು. ಅದು ಹೂವಿನೊಳಗೆ ಕೂತು ಕಾಯಿ ಕಟ್ಟದಂತೆ ಮಾಡುತ್ತಿತ್ತು. ಅಂಗಡಿಯಲ್ಲಿ ಕೊಟ್ಟದ್ದನ್ನೆಲ್ಲ ಹೊಡೆದೆವು. ಔಷಧಿ ಮೇಲೆ ಔಷಧಿ, ಸಾಲದ ಮೇಲೆ ಸಾಲ. ಕೆಲವರು ಬೆಳೆ ಕಿತ್ತು ಹಾಕಿದರು.

ಆಗ ಒಂದು ಹೊಲದಲ್ಲಿ ಕಂಡದ್ದು ಹತ್ತು ಹೊಲಕ್ಕೆ ಅದೇ ದಿನ ತಿಳಿದಿದ್ದರೆ? ರಾಯಚೂರು ಕೃಷಿ ವಿಶ್ವವಿದ್ಯಾಲಯದವರು 'ಇ-ಸ್ಯಾಪ್' ಎಂಬ ವ್ಯವಸ್ಥೆ ಮಾಡಿದ್ದು ಇಂಥದ್ದಕ್ಕೇ. ಕ್ಷೇತ್ರ ಸಿಬ್ಬಂದಿ ಹೊಲಕ್ಕೇ ಉಪಕರಣ ಒಯ್ದು, ಅದರಲ್ಲಿರುವ ಚಿತ್ರಗಳ ಜತೆ ಹೋಲಿಸಿ ಕೀಟವನ್ನು ಗುರುತಿಸುವುದು, ಹೊಲದಲ್ಲೇ ಸಲಹೆ ಕೊಡುವುದು, ಯಾವ ಕೀಟ ಎಲ್ಲಿ ಎಷ್ಟಿದೆ ಎಂಬ ಮಾಹಿತಿ ವಿಜ್ಞಾನಿಗಳಿಗೆ ಮುಟ್ಟುವುದು ಇದರ ಕ್ರಮ. ಯಂತ್ರ ದೊಡ್ಡದಿರಲಿ ಸಣ್ಣದಿರಲಿ, ತತ್ವ ಇಷ್ಟೇ: ಮೊದಲು ಗುರುತು, ಆಮೇಲೆ ಔಷಧಿ.

ಸಭೆಯಲ್ಲಿ ಫೋಟೋ ತೆಗೆಯುವುದನ್ನು ಕಲಿತೆವು. ಇಡೀ ಗಿಡದ್ದು ಒಂದು, ಎಲೆಯ ಕೆಳಮೈಯದು ಒಂದು, ಹೂವು ಅಥವಾ ಕಾಯಿಯದು ಒಂದು. ಬಿಸಿಲಿಗೆ ಬೆನ್ನು ಮಾಡಿ, ಕೈ ನಡುಗದಂತೆ ತೆಗೆಯಬೇಕು. ನುಸಿಯ ಅನುಮಾನವಿದ್ದರೆ ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ ಫೋಟೋ ಹೊಡೆಯಿರಿ, ಓಡಾಡುವುದು ಕಾಣುತ್ತದೆ. ಫೋಟೋದ ಜತೆ ಬಿತ್ತಿದ ದಿನ, ತಳಿ, ಈವರೆಗೆ ಹೊಡೆದ ಔಷಧಿ ಬರೆಯಿರಿ. ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ನಮಗೆ ಹತ್ತಿರ. ಇಷ್ಟು ವಿವರ ಇದ್ದರೆ ಅವರಿಗೂ ಉತ್ತರ ಕೊಡುವುದು ಸುಲಭ.

ಸಾದಾ ಫೋನು ಇದ್ದವರಿಗೆ 1800-180-1551 ಇದೆ. 2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ, ದುಡ್ಡಿಲ್ಲದೆ. ಇಪ್ಪತ್ತು ವರ್ಷದಿಂದ ಇರುವ ನಂಬರು. ನಮ್ಮ ಕಟ್ಟೆ ಮೇಲೆ ಕೂತವರಲ್ಲಿ ಅದಕ್ಕೆ ಒಮ್ಮೆಯಾದರೂ ಫೋನ್ ಮಾಡಿದವರು ಇಬ್ಬರೇ! ಅಲ್ಲೇ ಸ್ಪೀಕರ್ ಹಾಕಿ ಒಂದು ಕರೆ ಮಾಡಿ ತೋರಿಸಿದೆವು. ಅದಾದ ಮೇಲೆ ಹೆದರಿಕೆ ಹೋಯಿತು.

ವಿಮೆ: ನನ್ನದೇ ತಪ್ಪು

ಇಲ್ಲಿ ನನ್ನ ಕತೆ ಹೇಳಲೇಬೇಕು. ಹತ್ತಿ ಹಾಕಿದ್ದೆ, ಹತ್ತಿಗೇ ವಿಮೆ ಕಟ್ಟಿದ್ದೆ. ಬೆಳೆ ಹೋಯಿತು, ಪರಿಹಾರ ಬರಲಿಲ್ಲ. ಅಲೆದಾಡಿ ವಿಚಾರಿಸಿದರೆ ಬೆಳೆ ಸಮೀಕ್ಷೆಯಲ್ಲಿ ನನ್ನ ಹೊಲದಲ್ಲಿ ಜೋಳ ಇದೆ! ಯಾರೋ ಪಕ್ಕದ ಹೊಲದ ಫೋಟೋ ಹೊಡೆದು ನನ್ನ ಸರ್ವೆ ನಂಬರಿಗೆ ಹಾಕಿದ್ದರು. ಬೈಯುವುದು ಯಾರನ್ನು? 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆ ವಿವರ ಹಾಕಲು ಅವಕಾಶ ಇತ್ತು. 'ಬೆಳೆ ದರ್ಶಕ'ದಲ್ಲಿ ನೋಡಿ ತಪ್ಪಿದ್ದರೆ ಆಕ್ಷೇಪಣೆ ಹಾಕಲೂ ಅವಕಾಶ ಇತ್ತು. ನಾನು ಎರಡನ್ನೂ ಮಾಡಿರಲಿಲ್ಲ.

ಹಾಗಾಗಿ ಸಭೆಯ ದಿನ ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರು ಹಾಕಿ ಅದರಲ್ಲಿ ಯಾವ ಬೆಳೆ ಇದೆ ನೋಡಿದರು. ಹುಡುಗರು ಪಕ್ಕದಲ್ಲಿ ಕೂತು ತೋರಿಸಿದರು. ತಪ್ಪಿದ್ದ ನಾಲ್ಕು ಹೊಲ ಅವತ್ತೇ ಸಿಕ್ಕವು. ಇಡೀ ಸಭೆಯಲ್ಲಿ ಕಣ್ಣಿಗೆ ಕಾಣುವ ಲಾಭ ಅಂದರೆ ಇದೇ.

ನೆನಪಿಡಬೇಕಾದ್ದು ಇನ್ನೆರಡು. ಒಂದು, ಫ್ರೂಟ್ಸ್ ಗುರುತಿನ ಸಂಖ್ಯೆ. ನಿಮ್ಮ ಎಲ್ಲ ಸರ್ವೆ ನಂಬರೂ ಅದಕ್ಕೆ ಸೇರಿವೆಯೇ ನೋಡಿಕೊಳ್ಳಿ. ಎರಡು, 72 ಗಂಟೆ. ಫಸಲ್ ಬಿಮಾದಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ 14 ದಿನದೊಳಗೆ ಅಕಾಲಿಕ ಮಳೆ ಹೊಡೆದರೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೂ 72 ಗಂಟೆಯೇ. ಸಹಾಯವಾಣಿ 14447. ಮೂರು ದಿನ ದುಃಖದಲ್ಲಿ ಕಳೆದರೆ ಹಕ್ಕೇ ಹೋಗುತ್ತದೆ. ಮೊದಲು ಫೋನ್ ಮಾಡಿ, ಆಮೇಲೆ ಅಳೋಣ.

ರಾತ್ರಿ ಕರೆಂಟು, ಹಾವು, ಪಂಪು

ಕುರುಗೋಡು ಕಡೆಯಿಂದ ಬಂದವರು ತಮ್ಮ ಮೊಬೈಲ್ ಸ್ಟಾರ್ಟರ್ ಬಗ್ಗೆ ಹೇಳಿದರು. ತ್ರೀ ಫೇಸ್ ಕರೆಂಟು ರಾತ್ರಿ ಎಷ್ಟೊತ್ತಿಗೆ ಬರುತ್ತದೋ ಗೊತ್ತಿಲ್ಲ. ಕತ್ತಲಲ್ಲಿ ಬದುವಿನ ಮೇಲೆ ಹೋಗಬೇಕು, ಹಾವು ಚೇಳಿನ ಭಯ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವ ಭಯ. ಸ್ಟಾರ್ಟರಿಗೆ ಸಿಮ್ ಇರುವ ಒಂದು ಡಬ್ಬಿ ಕೂಡಿಸಿದರೆ, ಮನೆಯಿಂದ ಫೋನ್ ಮಾಡಿ ಕರೆಂಟು ಇದೆಯೋ ತಿಳಿಯಬಹುದು, ಪಂಪ್ ಚಾಲೂ ಮಾಡಬಹುದು, ನಿಲ್ಲಿಸಬಹುದು.

ಇದನ್ನು ನಮ್ಮ ದೇಶದಲ್ಲಿ ಮೊದಮೊದಲು ಮಾಡಿದವರಲ್ಲಿ ಪುಣೆಯ ಸಂತೋಷ್ ಓಸ್ತವಾಲ್ ಒಬ್ಬರು. ಅವರ ಅಜ್ಜ ಇಳಿವಯಸ್ಸಿನಲ್ಲಿ ರಾತ್ರಿ ಪಂಪ್ ಹಾಕಲು ಹೊಲಕ್ಕೆ ನಡೆಯುತ್ತಿದ್ದುದನ್ನು ನೋಡಿ ಹುಟ್ಟಿದ ಯೋಚನೆ ಅದು. ಮುಂದೆ 'ನ್ಯಾನೋ ಗಣೇಶ್' ಎಂಬ ಹೆಸರಿನಲ್ಲಿ ಬಂತು. ಈಗ ಇಂಥವು ಹಲವು ಇವೆ.

ಅವರು ಒಳ್ಳೆಯದನ್ನಷ್ಟೇ ಹೇಳಲಿಲ್ಲ. "ಪಂಪಿನ ಜಾಗದಾಗ ನೆಟ್‌ವರ್ಕ್ ಇಲ್ಲಾಂದ್ರ ಕೊಂಡು ಉಪಯೋಗಿಲ್ರೀ. ನೀರಿಲ್ದ ಮೋಟಾರು ಓಡಿದ್ರ ಸುಟ್ಟು ಹೋಗತೈತಿ, ಅದಕ್ಕ ತಡೆ ಇರೋದೇ ತಗೋರಿ. ಸಿಮ್ಮಿಗೆ ರೀಚಾರ್ಜು ಮರೀಬ್ಯಾಡ್ರಿ. ಇನ್ನೊಂದು, ಮನ್ಯಾಗ ಕುಂತು ಚಾಲೂ ಮಾಡಿ ನಿದ್ದಿ ಹೋದ್ರ ಬೋರು ಬತ್ತತೈತಿ." ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಯೋಚಿಸಿದರೆ ನಗುವ ಮಾತಲ್ಲ.

ಸಿಡಿಲಿನ ವಿಷಯವೂ ಬಂತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ. ಕುರಿ ಕಾಯುವ ಹುಡುಗರ ಫೋನಿಗೆ ಮೊದಲು ಹಾಕಿಕೊಟ್ಟೆವು. ಮರದ ಕೆಳಗೆ ನಿಲ್ಲಬಾರದು ಎಂಬುದಂತೂ ಫೋನಿಲ್ಲದೆಯೂ ಗೊತ್ತಿರಬೇಕು.

ಮೋಸ: ಮೊದಲ ಗಂಟೆಯೇ ಮುಖ್ಯ

ಹಲಗೆಯ ಮೇಲಿನ ಕೊನೆಯ ವಿಷಯ ಹೇಳಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಅಣ್ಣ ತಲೆ ತಗ್ಗಿಸಿ ಹೇಳಿದರು. ಪಿಎಂ ಕಿಸಾನ್ ಹಣದ ಹೆಸರಿನಲ್ಲಿ ವಾಟ್ಸಾಪಿಗೆ ಒಂದು ಫೈಲ್ ಬಂದಿತ್ತು. ಒತ್ತಿದರು. ಮೆಣಸಿನಕಾಯಿ ಮಾರಿ ಇಟ್ಟಿದ್ದ ದುಡ್ಡು ಬೆಳಗಾಗುವುದರೊಳಗೆ ಖಾಲಿ. ಮನೆಯಲ್ಲಿ ಎರಡು ತಿಂಗಳು ಹೇಳಿರಲಿಲ್ಲ.

ಅವರು ಹೇಳಿದ ಮೇಲೆ ಇನ್ನಿಬ್ಬರು ಬಾಯಿ ಬಿಟ್ಟರು. ನಾಚಿಕೆಯಿಂದ ಮುಚ್ಚಿಟ್ಟದ್ದೇ ಮೋಸಗಾರರಿಗೆ ಗೊಬ್ಬರ.

ರಿಪೇರಿ ಅಂಗಡಿಯ ಹುಡುಗ ಹೇಳಿಕೊಟ್ಟದ್ದು: ಕೊನೆಯಲ್ಲಿ 'ಎಪಿಕೆ' ಎಂದು ಇರುವ ಫೈಲನ್ನು ಯಾರು ಕಳಿಸಿದರೂ ಒತ್ತಬೇಡಿ, ಸ್ವಂತ ಅಳಿಯ ಕಳಿಸಿದರೂ ಸರಿ. ಅಳಿಯನ ಫೋನೇ ಅವರ ಕೈ ಸೇರಿರಬಹುದು. ಸರ್ಕಾರ ವಾಟ್ಸಾಪಿನಲ್ಲಿ ಆ್ಯಪ್ ಕಳಿಸುವುದಿಲ್ಲ. ಒಟಿಪಿ, ಪಿನ್ ಯಾರಿಗೂ ಹೇಳಬೇಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಈ ನಂಬರನ್ನು ಗುಡಿಯ ಗೋಡೆ ಮೇಲೆ ಬರೆಸಿದ್ದೇವೆ.

ಯಾರು ಹೊರಗುಳಿದರು?

ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು, "ನೀವೆಲ್ಲ ಹೇಳೋದು ಚಲೋ ಐತ್ರಿ. ಆದ್ರ ಹೊಲ ನನ್ನ ಕೈಯಾಗ, ಫೋನು ಮಗನ ಕೈಯಾಗ. ಅಂವ ಬಳ್ಳಾರ್ಯಾಗ ಜೀನ್ಸ್ ಹೊಲಿಯಾಕ ಹೋಗ್ಯಾನ. ಮೆಸೇಜು ಅಲ್ಲಿ ಬರತೈತಿ, ಹುಳ ಇಲ್ಲಿ ಬರತೈತಿ" ಅಂದರು.

ಅದಕ್ಕೆ ಉತ್ತರ ಕೊಡಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗ ಸಂಘದ ಹೆಣ್ಣುಮಕ್ಕಳಲ್ಲಿ ಫೋನು ಇರುವ ಮೂವರು ದಿನದ ಸುದ್ದಿಯನ್ನು ಸಂಜೆ ಬಾಯಿಂದ ಬಾಯಿಗೆ ಮುಟ್ಟಿಸುತ್ತಾರೆ. ಇದು ಹಳೆಯ ಕಾಲದ ದಾರಿಯೇ, ಆದರೆ ನಡೆಯುತ್ತದೆ.

ಗುತ್ತಿಗೆಗೆ ಹೊಲ ಮಾಡುವವರ ತೊಂದರೆಗೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಪಹಣಿ ಒಡೆಯನ ಹೆಸರಲ್ಲಿ, ಫ್ರೂಟ್ಸ್ ಒಡೆಯನ ಹೆಸರಲ್ಲಿ, ಸಾಲ ಮಾತ್ರ ಬೆಳೆದವನ ಹೆಸರಲ್ಲಿ. ನಮ್ಮ ಭಾಗದಲ್ಲಿ ಅಂಥವರು ಸಾಕಷ್ಟು ಮಂದಿ. ಇದನ್ನು ಫೋನು ಬಗೆಹರಿಸದು, ಕಾನೂನು ಬಗೆಹರಿಸಬೇಕು. ಸಭೆ ಮಾಡುವವರು ಇಂಥ ಮಾತನ್ನು ಮುಚ್ಚಿಡಬಾರದು.

ಎಡವಿದ್ದು ಎಲ್ಲಿ?

ಸಭೆ ಮುಗಿದ ಹುರುಪಿನಲ್ಲಿ ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಹದಿನೈದು ದಿನಕ್ಕೆ ಕೆಟ್ಟಿತು. ಬೆಳಿಗ್ಗೆ ದೇವರ ಫೋಟೋ, ಮಧ್ಯಾಹ್ನ ರಾಜಕೀಯ, ರಾತ್ರಿ ಜಗಳ. ಗೇಜಿನ ಸುದ್ದಿ ಅದರಡಿ ಹೂತುಹೋಯಿತು. ಒಂದು ದಿನ ನೀರು ಬಂದ ಸುದ್ದಿ ಕಾಣದೆ ಕೊನೆಭಾಗದ ಒಬ್ಬರ ಸರದಿಯೇ ತಪ್ಪಿತು. ಅವರು ಸಿಟ್ಟಾದದ್ದು ನ್ಯಾಯ.

ಗುಂಪು ಮುಚ್ಚಿ ಹೊಸದು ಮಾಡಿದೆವು. ಹೊಸದರಲ್ಲಿ ಬರೆಯುವವರು ಆರೇ ಮಂದಿ, ಉಳಿದವರು ಓದುವವರು. ಹೇಳುವುದಿದ್ದರೆ ಆ ಆರರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು. ಹರಟೆಗೆ ಕಟ್ಟೆ ಇದ್ದೇ ಇದೆ.

ಇನ್ನೊಂದು ತಪ್ಪು, ಒಂದೇ ಸಂಜೆಗೆ ಆರು ವಿಷಯ ತುರುಕಿದ್ದು. ವಯಸ್ಸಾದವರಿಗೆ ತಲೆ ತಿರುಗಿತು. ಈಗ ಅಮಾವಾಸ್ಯೆಗೊಂದು ವಿಷಯ. ಖರ್ಚು? ಚಹಾ, ಮಂಡಕ್ಕಿ ಮಿರ್ಚಿ, ಒಂದು ಡಬ್ಬಿ ಬಣ್ಣ. ಸರದಿಯಂತೆ ಒಂದೊಂದು ಮನೆಯವರು ನೋಡಿಕೊಳ್ಳುತ್ತಾರೆ. ಕಂಪನಿಯವರು ಬ್ಯಾನರ್ ಕೊಡುತ್ತೇವೆ, ಊಟ ಹಾಕುತ್ತೇವೆ ಅಂತ ಬಂದಿದ್ದರು. ಕೈಮುಗಿದು ಕಳಿಸಿದೆವು. ಬ್ಯಾನರ್ ಬಂದರೆ ಹಿಂದೆಯೇ ಡಬ್ಬಿಗಳೂ ಬರುತ್ತವೆ.

ನೀವೂ ಮಾಡುವುದಾದರೆ

* ಹಾಲ್ ಬೇಡ, ಕಟ್ಟೆ ಸಾಕು. ಜನ ಕೆಲಸಕ್ಕೆ ಹೋಗದ ದಿನ ನೋಡಿ.
* ಮೊದಲು ತೊಂದರೆಗಳ ಪಟ್ಟಿ ಮಾಡಿ. ಫೋನಿನಿಂದ ಬಗೆಹರಿಯದ್ದನ್ನು ಬೇರೆ ಬರೆದಿಡಿ.
* ಒಂದು ಸಭೆಗೆ ಒಂದೇ ವಿಷಯ. ತೋರಿಸಿ, ಆಮೇಲೆ ಅವರ ಕೈಯಿಂದಲೇ ಮಾಡಿಸಿ.
* ಸಾದಾ ಫೋನಿನವರಿಗೂ ಫೋನೇ ಇಲ್ಲದವರಿಗೂ ಸುದ್ದಿ ಮುಟ್ಟುವ ದಾರಿ ಮೊದಲೇ ಹುಡುಕಿ.
* ಸುದ್ದಿಗೆ ಜಾಗ, ಹೊತ್ತು, ಕಂಡವರ ಹೆಸರು ಇರಲಿ. 'ಅಂತೆ' ಬೇಡ.
* 1551, 14447, 1930 ಈ ಮೂರರ ಪೂರ್ತಿ ನಂಬರುಗಳನ್ನು ಎಲ್ಲರಿಗೂ ಕಾಣುವ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.
* ಮೋಸ ಹೋದವರನ್ನು ನಗಬೇಡಿ. ಅವರೇ ಒಳ್ಳೆಯ ಮೇಷ್ಟ್ರು.

ಮೊನ್ನೆಯ ಅಮಾವಾಸ್ಯೆಗೆ ಅದೇ ತಾತ ಬಂದಿದ್ದರು. ಅವರದು ಈಗಲೂ ಗುಂಡಿಯ ಫೋನು. ಸಭೆ ನಡೆಯುತ್ತಿದ್ದಾಗಲೇ ಅದು ಹೊಡೆದುಕೊಂಡಿತು. ಕಾಲುವೆ ತಲೆಯಿಂದ ಅವರ ಮೊಮ್ಮಗ. ಕೇಳಿ ಇಟ್ಟು, "ಎರಡೂವರಿ ಅಡಿ ಐತಂತ" ಅಂದರು. ನಾವೆಲ್ಲ ಒಟ್ಟಿಗೇ ಅವರ ಕಡೆ ನೋಡಿದೆವು. ತಾತ ನಕ್ಕು ತಿದ್ದಿಕೊಂಡರು. "ಐತಂತ ಅಲ್ಲ. ಎರಡೂವರಿ ಅಡಿ ಐತಿ. ಅಂವ ಕಂಬದ ಹತ್ರನ ನಿಂತಾನ."

ನಿಮ್ಮೂರಲ್ಲೂ ಒಮ್ಮೆ ಕೂತು ನೋಡಿ. ಏನಾಯಿತು, ಏನಾಗಲಿಲ್ಲ ಎಂದು ಪತ್ರಿಕೆಗೆ ಬರೆಯಿರಿ. ನಮ್ಮ ತಪ್ಪು ನಿಮಗೆ ಉಪಯೋಗವಾದರೆ, ನಿಮ್ಮದು ನಮಗಾದೀತು.